ಗೋಣು ಯಾವಾಗ ನಿಂತಿತು?

(ಧಾರವಾಡದಲ್ಲಿ ಒಂದು ಭಾನುವಾರ ಬೆಳಿಗ್ಗೆ ತಂದೆ-ತಾಯಂದಿರು, ಅಜ್ಜಿಯರು, ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ನಡುವೆ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೂ ಅಲ್ಲಲ್ಲೇ ಸೇರಿವೆ.)

ಎಲ್ಲರಿಗೂ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್. ಹುಬ್ಬಳ್ಳಿಯಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವ ತಾಯಂದಿರು ಬಾಗಿಲಲ್ಲೇ ಹೇಳುವ ಮಾತು ಬಹಳ ಸಲ ಒಂದೇ ಆಗಿರುತ್ತದೆ. "ಮೇಡಂ, ಇವ ಇನ್ನ ಮಾತಾಡವಲ್ಲ ರೀ." ಮಗುವಿಗೆ ಎರಡೂವರೆ ವರ್ಷವೋ ಮೂರು ವರ್ಷವೋ ಆಗಿರುತ್ತದೆ. ಕೆಲವರ ಕೈಯಲ್ಲಿ ಆಟಿಸಂ ಅಂತ ಬರೆದ ಚೀಟಿ ಇರುತ್ತದೆ. ಕೆಲವರಿಗೆ ಆ ಹೆಸರನ್ನು ಇನ್ನೂ ಯಾರೂ ಹೇಳಿರುವುದಿಲ್ಲ. ಮಾತಿನ ವಿಷಯಕ್ಕೆ ಹೋಗುವ ಮೊದಲು ನಾನು ಬೇರೆ ಒಂದು ಕೇಳುತ್ತೇನೆ. "ಇವನ ಗೋಣು ಯಾವಾಗ ನಿಂತಿತು ಅವ್ವಾ?" ಅಂದರೆ ಕುತ್ತಿಗೆ ಗಟ್ಟಿಯಾಗಿ ತಲೆ ನೇರ ನಿಂತದ್ದು ಯಾವಾಗ ಅಂತ.

ತಾಯಿ ನೆನಪು ಮಾಡಿಕೊಳ್ಳುತ್ತಿರುವಾಗಲೇ ಪಕ್ಕದಲ್ಲಿ ಕುಳಿತ ಅಜ್ಜಿ ಉತ್ತರ ಕೊಡುತ್ತಾರೆ. "ತಡಾನ ಆತ್ರಿ. ಎರಿಯೂ ಮುಂದ ಗೋಣು ಹಿಂದಕ್ಕ ಬೀಳತಿತ್ತು. ನಾ ಒಂದ ಕೈ ತಲಿ ಕೆಳಗ ಇಟ್ಕೊಂಡ ಎರೀತಿದ್ದೆ."

ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಿಂಗಳುಗಟ್ಟಲೆ ನೀರು ಎರೆದ ಕೈ ಅದು. ಯಾವ ಕೂಸಿನ ಮೈ ಗಟ್ಟಿ ಇತ್ತು, ಯಾವುದರ ಮೈ ಜೋಲು ಬೀಳುತ್ತಿತ್ತು ಅನ್ನುವುದು ಆ ಕೈಗೆ ಗೊತ್ತು. ಆದರೆ ಆ ಅಜ್ಜಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರುವುದಿಲ್ಲ. ಅದಕ್ಕೇ ಇವತ್ತು ನಿಮ್ಮ ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿದ್ದೆ.

ಆಟಿಸಂ ಏನು ಅಂತ ಇಲ್ಲಿರುವ ಹೆಚ್ಚಿನವರಿಗೆ ಗೊತ್ತಿದೆ, ಬೇಗ ಮುಗಿಸುತ್ತೇನೆ. ಮಗುವಿನ ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ಬೆಳೆಯುತ್ತದೆ. ಬೇರೆಯವರ ಜೊತೆ ಬೆರೆಯುವುದು, ಮಾತು, ಸನ್ನೆ, ಆಟ, ಶಬ್ದ ಮತ್ತು ಸ್ಪರ್ಶ ತಡೆದುಕೊಳ್ಳುವುದು, ಇವೆಲ್ಲ ಬೇರೆ ಥರ ಇರುತ್ತವೆ. ತಾಯಿ ಪ್ರೀತಿ ಕಡಿಮೆ ಮಾಡಿದ್ದರಿಂದ ಬಂದದ್ದಲ್ಲ. ಲಸಿಕೆಯಿಂದ ಬಂದದ್ದಲ್ಲ. ಗ್ರಹಣದಲ್ಲಿ ಹೊರಗೆ ಬಂದಿದ್ದರಿಂದಲೂ ಅಲ್ಲ. ಈ ಮೂರನ್ನೂ ನನ್ನ ಹತ್ತಿರ ಅತ್ತುಕೊಂಡು ಹೇಳಿದ ತಾಯಂದಿರಿದ್ದಾರೆ. ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಈಗ ಮೈಯ ವಿಷಯಕ್ಕೆ ಬರೋಣ.

1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಬಗ್ಗೆ ಇವತ್ತು ನಮಗೆ ಗೊತ್ತಿರುವುದೆಲ್ಲ ಶುರುವಾಗುವುದು ಬಹುಮಟ್ಟಿಗೆ ಅಲ್ಲಿಂದ. ಅದರಲ್ಲಿ ಅವರು ಒಂದು ಸಣ್ಣ ವಿಷಯ ಗಮನಿಸಿದ್ದರು. ಎತ್ತಿಕೊಳ್ಳಲು ಹೋದಾಗ ಈ ಮಕ್ಕಳ ಮೈ ಅದಕ್ಕೆ ಸಿದ್ಧ ಆಗುತ್ತಿರಲಿಲ್ಲ.

ಇದು ಯಾಕೆ ದೊಡ್ಡ ವಿಷಯ ಅಂತ ನಿಮ್ಮ ಮನೆಯ ಕೂಸನ್ನು ನೆನೆಸಿಕೊಳ್ಳಿ. ತೊಟ್ಟಿಲ ಹತ್ತಿರ ಹೋಗಿ "ಬಾ ಬಾ" ಅಂತ ಎರಡೂ ಕೈ ಚಾಚುತ್ತೀರಿ. ನಿಮ್ಮ ಕೈ ತಾಗುವ ಮೊದಲೇ ಕೂಸು ಎದೆ ಸೆಟೆಸುತ್ತದೆ, ಕೈ ಅಗಲಿಸುತ್ತದೆ, ಕಾಲು ಎತ್ತುತ್ತದೆ. ವಾಸುದೇವಿ ರೆಡ್ಡಿ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು 2013ರಲ್ಲಿ ಇದನ್ನು ಅಳೆದು ನೋಡಿದರು. ಎರಡು ತಿಂಗಳ ಕೂಸೇ ಇದನ್ನು ಮಾಡುತ್ತದೆ, ನಾಲ್ಕು ತಿಂಗಳಿಗೆ ಇನ್ನೂ ಚೆನ್ನಾಗಿ ಮಾಡುತ್ತದೆ. ಇಷ್ಟು ಸಣ್ಣ ಕೂಸಿಗೆ ಅವ್ವ ಈಗ ಎತ್ತಿಕೊಳ್ಳುತ್ತಾಳೆ ಅನ್ನುವುದು ತಿಳಿಯುತ್ತದೆ, ಮೈ ಅದಕ್ಕೆ ಹೊಂದಿಕೊಳ್ಳುತ್ತದೆ. ಇಲ್ಲಿ ಮೈ ಬೇರೆ, ಮನಸ್ಸು ಬೇರೆ ಅಂತ ನೀವು ಗೆರೆ ಎಳೆಯಲಾರಿರಿ. ಎತ್ತಿಕೊಳ್ಳುವುದು ಇಬ್ಬರೂ ಸೇರಿ ಮಾಡುವ ಕೆಲಸ.

ಅಂಥದೇ ಇನ್ನೊಂದು ತುತ್ತಿನ ವಿಷಯ. ಮನೆಯ ವಿಡಿಯೋಗಳನ್ನು ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2012ರಲ್ಲಿ ಬಂತು. ನಾಲ್ಕರಿಂದ ಆರು ತಿಂಗಳ ಕೂಸುಗಳಿಗೆ ಚಮಚದಲ್ಲಿ ಉಣಿಸುವ ದೃಶ್ಯಗಳನ್ನು ನೋಡಿದರು. ಮುಂದೆ ಆಟಿಸಂ ಇದೆ ಅಂತ ಗೊತ್ತಾದ ಮಕ್ಕಳು, ಚಮಚ ಬರುವುದನ್ನು ಕಂಡು ಬಾಯಿ ತೆರೆಯುವುದು ಬೇರೆ ಮಕ್ಕಳಿಗಿಂತ ಕಡಿಮೆ ಇತ್ತು. ನಮ್ಮ ಕಡೆಯ ಒಬ್ಬ ತಾಯಿ ಇದನ್ನೇ ನನಗೆ ಹೇಳಿದ್ದರು, ಆ ಅಧ್ಯಯನದ ಬಗ್ಗೆ ಏನೂ ಗೊತ್ತಿಲ್ಲದೆ. "ತುಟಿಗೆ ಚಮಚ ಹತ್ತಿದ ಮ್ಯಾಲೇ ಬಾಯಿ ತಗೀತಿದ್ದ ರೀ. ಹಸಿವಿಲ್ಲ ಅಂತ ತಿಳಕೊಂಡಿದ್ವಿ."

ಗೋಣಿನ ಮಾತಿಗೆ ವಾಪಸ್ ಬರುತ್ತೇನೆ. ಮನೆಯಲ್ಲಿ ಒಂದು ಮಗುವಿಗೆ ಆಟಿಸಂ ಇದ್ದರೆ, ಅದರ ತಮ್ಮನಿಗೋ ತಂಗಿಗೋ ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ. ಅದಕ್ಕೆ ವಿಜ್ಞಾನಿಗಳು ಅಂಥ ತಮ್ಮ-ತಂಗಿಯರನ್ನು ಹುಟ್ಟಿನಿಂದಲೇ ಗಮನಿಸುತ್ತಾರೆ. ಅಮೆರಿಕದ ಬಾಲ್ಟಿಮೋರ್‌ನ ಕೆನಡಿ ಕ್ರೀಗರ್ ಸಂಸ್ಥೆಯವರು ಅಂಥ 40 ಕೂಸುಗಳನ್ನು ಆರು ತಿಂಗಳ ಆಸುಪಾಸಿನಲ್ಲಿ ನೋಡಿದರು. ಅಂಗಾತ ಮಲಗಿದ ಕೂಸಿನ ಎರಡೂ ಕೈ ಹಿಡಿದು ಮೆಲ್ಲಗೆ ಎಬ್ಬಿಸಿ ಕೂರಿಸುವುದು, ಅಷ್ಟೇ ಪರೀಕ್ಷೆ. ತಲೆ ಮೈಯ ಜೊತೆ ಬರುತ್ತದೋ ಅಥವಾ ಹಿಂದೆ ಜೋತು ಬೀಳುತ್ತದೋ ಅಂತ ನೋಡಿದರು. ಮೂರು ವರ್ಷಕ್ಕೆ ಆಟಿಸಂ ಗುರುತಿಸಲ್ಪಟ್ಟ ಮಕ್ಕಳಲ್ಲಿ ನೂರಕ್ಕೆ 90ರಷ್ಟು ಮಕ್ಕಳ ತಲೆ ಆಗ ಹಿಂದೆ ಜೋತು ಬಿದ್ದಿತ್ತು. ಇದು 2012ರಲ್ಲಿ ಪ್ರಕಟವಾಯಿತು.

ಅರ್ಧ ಮಾತು ಕೇಳಿ ಮನೆಗೆ ಹೋಗಬೇಡಿ, ಉಳಿದದ್ದನ್ನೂ ಕೇಳಿ. ಅದೇ ಅಧ್ಯಯನದಲ್ಲಿ ಮುಂದೆ ಏನೂ ತೊಂದರೆ ಕಾಣದ ಮಕ್ಕಳಲ್ಲೂ ನೂರಕ್ಕೆ 35ರಷ್ಟು ಮಕ್ಕಳ ತಲೆ ಜೋತು ಬಿದ್ದಿತ್ತು. ಅಂದರೆ ಗೋಣು ತಡವಾಯಿತು ಅಂದ ಮಾತ್ರಕ್ಕೆ ಆಟಿಸಂ ಅಲ್ಲ. 40 ಮಕ್ಕಳು ಅಂದರೆ ಬಹಳ ಸಣ್ಣ ಲೆಕ್ಕ ಕೂಡ. ಇದರಿಂದ ನಾನು ತೆಗೆದುಕೊಂಡದ್ದು ಇಷ್ಟೇ: ಆರು ತಿಂಗಳಿಗೆ ಗೋಣು ನಿಲ್ಲದ ಕೂಸನ್ನು "ಆಗುತ್ತದೆ ಬಿಡು" ಅಂತ ಬಿಡಬಾರದು. ಅದಕ್ಕೆ ಕಾರಣ ಆಟಿಸಂ ಇರಲಿ, ಬೇರೆ ಇರಲಿ, ಆ ಕೂಸಿಗೆ ಈಗಲೇ ಸಹಾಯ ಬೇಕು. ಇನ್ನೊಂದು, ಮನೆಯಲ್ಲಿ ನೀವೇ ಕೈ ಹಿಡಿದು ಎಳೆದು ನೋಡಬೇಡಿ. ಅದನ್ನು ತಿಳಿದವರು ಮಾಡಲಿ.

ಗೋಣಿನಿಂದ ಮಾತಿನ ತನಕ ದಾರಿ ಹೇಗೆ? ಇದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗೋಣು ನಿಂತರೆ ಕೂಸು ಅವ್ವನ ಮುಖ ನೋಡಬಹುದು, ಅವ್ವ ನೋಡಿದ ಕಡೆ ತಾನೂ ತಿರುಗಬಹುದು. ಬೆನ್ನು ನಿಂತು ಕೂತರೆ ಎರಡೂ ಕೈ ಬಿಡುವಾಗುತ್ತವೆ. ಬೀಳದಂತೆ ನೆಲಕ್ಕೆ ಊರಿದ್ದ ಕೈ ಈಗ ಬಟ್ಟಲು ಹಿಡಿಯುತ್ತದೆ, ತಿರುಗಿಸುತ್ತದೆ, ಬಡಿಯುತ್ತದೆ, ಬಾಯಿಗೆ ಇಡುತ್ತದೆ. ಅದೇ ಬಾಯಿ, ಅದೇ ನಾಲಿಗೆ ಮುಂದೆ ಮಾತಾಡಬೇಕು. ಕೂಸು ಬಟ್ಟಲು ಹಿಡಿದಾಗ ಅವ್ವ "ಬಟ್ಟಲಾ? ಬಟ್ಟಲು ಬೇಕಾ?" ಅನ್ನುತ್ತಾಳೆ. ಕೈಯಲ್ಲಿರುವ ವಸ್ತುವಿಗೆ ಕಿವಿಯಲ್ಲಿ ಬಿದ್ದ ಹೆಸರು ಅಂಟಿಕೊಳ್ಳುತ್ತದೆ. ನಡೆಯಲು ಬಂತು ಅಂದರೆ ಇನ್ನೂ ದೊಡ್ಡ ಬದಲಾವಣೆ. ಪಡಸಾಲೆಯ ಮೂಲೆಯಲ್ಲಿ ಬಿದ್ದ ಚಪ್ಪಲಿ ಎತ್ತಿಕೊಂಡು ಅಡುಗೆಮನೆಗೆ ಬಂದು ತೋರಿಸುತ್ತದೆ. "ಅಯ್ಯ, ಅಪ್ಪನ ಚಪ್ಪಲಿ! ಇಡು ಅಲ್ಲೇ!" ಅಂತ ಅವ್ವ ಬೈದರೂ ಅದು ಮಾತೇ. ತೆವಳುವ ಕೂಸಿಗಿಂತ ನಡೆಯುವ ಕೂಸು ಹೀಗೆ ದೂರದಿಂದ ಸಾಮಾನು ತಂದು ತೋರಿಸುವುದು ಜಾಸ್ತಿ. ಹೀಗೆ ತಂದು ತೋರಿಸಿದಷ್ಟೂ ಅದಕ್ಕೆ ಸಿಗುವ ಮಾತು ಜಾಸ್ತಿ.

ಈಗ ಕೂತರೆ ಬೀಳುವ, ಬಟ್ಟಲು ಹಿಡಿದರೆ ಜಾರುವ ಕೂಸನ್ನು ಯೋಚಿಸಿ. ಅದಕ್ಕೆ ಈ ಸಾವಿರ ಸಣ್ಣ ಅವಕಾಶಗಳು ತಪ್ಪುತ್ತವೆ. ಅಮೆರಿಕದ ಜಾನಾ ಐವರ್ಸನ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆಟಿಸಂ ಇರುವ ಮಕ್ಕಳ ತಮ್ಮ-ತಂಗಿಯರಲ್ಲಿ, ಒಂದರಿಂದ ಎರಡು ವರ್ಷದ ನಡುವೆ ಬೆರಳು-ಕೈಯ ಕೆಲಸ ಎಷ್ಟು ಚೆನ್ನಾಗಿತ್ತು ಅನ್ನುವುದಕ್ಕೂ ಮೂರು ವರ್ಷಕ್ಕೆ ಎಷ್ಟು ಮಾತಾಡುತ್ತಾರೆ ಅನ್ನುವುದಕ್ಕೂ ಸಂಬಂಧ ಇದೆ ಅಂತ ಅವರ 2013ರ ಅಧ್ಯಯನ ತೋರಿಸಿತು. ಕೈ ಸರಿ ಮಾಡಿದರೆ ಮಾತು ತಾನಾಗೇ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಹಾಗೆ ಭರವಸೆ ಕೊಟ್ಟು ದುಡ್ಡು ಕೇಳುವವರಿಂದ ದೂರ ಇರಿ. ಮಾತಿನ ಥೆರಪಿ ಬೇಕೇ ಬೇಕು. ಆದರೆ ಮಾತೊಂದನ್ನೇ ಕಾಯುತ್ತಾ ಕೂತು ಮೈಯನ್ನು ಮರೆತರೆ, ಮಗುವಿಗೆ ಮಾತು ಸಿಗುವ ದಾರಿಯನ್ನೇ ಕಿರಿದು ಮಾಡಿದಂತೆ.

ಹಾಗಾದರೆ ಇದನ್ನು ಯಾರೂ ಯಾಕೆ ಕೇಳುವುದಿಲ್ಲ? ಆಟಿಸಂ ಗುರುತಿಸಲು ಜಗತ್ತಿನಲ್ಲಿ ಹೆಚ್ಚಾಗಿ ಬಳಸುವ ಪುಸ್ತಕ ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ. 2013ರ ಅದರ ಐದನೇ ಆವೃತ್ತಿಯಲ್ಲಿ ಬೆರೆಯುವುದು-ಮಾತಾಡುವುದರ ತೊಂದರೆ ಒಂದು, ಮಾಡಿದ್ದನ್ನೇ ಮಾಡುವುದು ಇನ್ನೊಂದು, ಇವೆರಡೇ ಮುಖ್ಯ. ನಡಿಗೆ, ಹಿಡಿತ, ಸಮತೋಲನದ ತೊಂದರೆಗಳು ಗುರುತಿಸುವ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದನ್ನು ಬರೆಯುವವರೂ ಕಡಿಮೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಟಿಸಂ ಇರುವ, ಆರು ವರ್ಷದೊಳಗಿನ 2,084 ಮಕ್ಕಳ ದಾಖಲೆಗಳನ್ನು ತೆಗೆದು ನೋಡಿದರು. 2020ರಲ್ಲಿ ಬಂದ ಆ ವರದಿಯ ಪ್ರಕಾರ, ದಾಖಲೆಯಲ್ಲಿದ್ದ ಅಂಕಗಳು ತೋರಿಸಿದಂತೆ ನೂರಕ್ಕೆ 35 ಮಕ್ಕಳಿಗೆ ಚಲನೆಯ ತೊಂದರೆ ಇತ್ತು. ಆದರೆ ಪರೀಕ್ಷೆ ಮಾಡಿದವರು ಅದನ್ನು ಬರೆದು ಹೇಳಿದ್ದು ನೂರಕ್ಕೆ ಒಂದೂವರೆಗಿಂತ ಕಡಿಮೆ ಮಕ್ಕಳಲ್ಲಿ. ಕಾಗದದಲ್ಲಿ ಇದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ ವರ್ಷ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಅಂಜನಾ ಭಟ್ ಇನ್ನೂ ದೊಡ್ಡ ಲೆಕ್ಕ ಕೊಟ್ಟರು. ಅವರೂ ನನ್ನ ಹಾಗೆ ಫಿಸಿಯೋಥೆರಪಿ ಕಲಿತವರು, ಅದಕ್ಕೆ ನನಗೆ ಸ್ವಲ್ಪ ಹೆಮ್ಮೆ. ಆಟಿಸಂ ಇರುವ 11,814 ಮಕ್ಕಳ ತಂದೆ-ತಾಯಿಯರು ಪ್ರಶ್ನಾವಳಿಗೆ ಕೊಟ್ಟ ಉತ್ತರಗಳನ್ನು ಅವರು ನೋಡಿದರು. 5ರಿಂದ 15 ವರ್ಷದ ಮಕ್ಕಳು. ನೂರಕ್ಕೆ ಸುಮಾರು 87 ಮಕ್ಕಳಿಗೆ ಚಲನೆಯ ತೊಂದರೆಯ ಸಾಧ್ಯತೆ ಕಂಡಿತು. ಫಿಸಿಯೋಥೆರಪಿ ಸಿಗುತ್ತಿದ್ದದ್ದು ನೂರಕ್ಕೆ 32ರಷ್ಟು ಮಕ್ಕಳಿಗೆ. ಒಂದು ಕಡೆ 35, ಇನ್ನೊಂದು ಕಡೆ 87, ಯಾವುದು ನಿಜ ಅಂತ ಒಬ್ಬರು ಅಪ್ಪ ಕೇಳಿದರು. ಅಳೆದ ಮಕ್ಕಳ ವಯಸ್ಸೂ ಬೇರೆ, ಅಳತೆಯ ಕೋಲೂ ಬೇರೆ. ವಯಸ್ಸಾದಂತೆ ಶಾಲೆ, ಬರವಣಿಗೆ, ಸೈಕಲ್, ಗುಂಡಿ ಹಾಕುವುದು ಅಂತ ಕೆಲಸಗಳು ಹೆಚ್ಚುತ್ತವೆ, ತೊಂದರೆ ಹೆಚ್ಚು ಎದ್ದು ಕಾಣುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಗದಗ ಕಡೆಯ ಹಳ್ಳಿಯಿಂದ ಒಂದು ಕೂಸನ್ನು ಕರೆತಂದರು. ಒಂಬತ್ತು ತಿಂಗಳಾದರೂ ಕೂರುತ್ತಿರಲಿಲ್ಲ. ಮೈ ಸ್ವಲ್ಪ ಮೆತ್ತಗಿತ್ತು. ನಾನು ಬೆನ್ನು ನೋಡಿದೆ, ಸೊಂಟ ನೋಡಿದೆ, ವ್ಯಾಯಾಮ ಹೇಳಿಕೊಟ್ಟೆ. ಹನ್ನೊಂದು ತಿಂಗಳಿಗೆ ಕೂತಿತು. ಎಲ್ಲರಿಗೂ ಖುಷಿ, ಇನ್ನು ಬರುವುದು ಬೇಡ ಅಂದೆ. ಆ ಕೂಸು ನನ್ನ ಮುಖ ನೋಡುತ್ತಿತ್ತಾ, ಹೆಸರು ಕರೆದರೆ ತಿರುಗುತ್ತಿತ್ತಾ, ಅವ್ವ ಕೈ ಚಾಚಿದರೆ ತಾನೂ ಚಾಚುತ್ತಿತ್ತಾ, ಒಂದನ್ನೂ ನೋಡಲಿಲ್ಲ. ಕೂಸಿಗೆ ಮೂರು ವರ್ಷವಾದ ಮೇಲೆ ಆಟಿಸಂ ಅಂತ ಚೀಟಿ ಹಿಡಿದು ಅದೇ ತಾಯಿ ಬಂದರು. ಬೈಯಲಿಲ್ಲ. "ಆವಾಗ ನೀವೂ ಏನೂ ಹೇಳಲಿಲ್ಲಲ್ರಿ" ಅಂದರು, ಅಷ್ಟೇ. ಎರಡು ವರ್ಷ ಹೋಗಿತ್ತು. ಮಾತು ನೋಡುವವರು ಮೈ ನೋಡುವುದಿಲ್ಲ ಅಂತ ನಾನು ದೂರುವಾಗೆಲ್ಲ ಆ ತಾಯಿ ನೆನಪಾಗುತ್ತಾರೆ. ಮೈ ನೋಡುವ ನಾನು ಮಗುವನ್ನು ನೋಡಿರಲಿಲ್ಲ.

ಇನ್ನು ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಅಳತೆ ಕೊಟ್ಟಿದೆ. ಆಸರೆ ಇಲ್ಲದೆ ಕೂರುವುದು ಸುಮಾರು 4 ತಿಂಗಳಿಂದ 9 ತಿಂಗಳೊಳಗೆ. ಒಂಟಿಯಾಗಿ ನಡೆಯುವುದು 8 ತಿಂಗಳಿಂದ ಹದಿನೇಳೂವರೆ ತಿಂಗಳೊಳಗೆ. ಎಷ್ಟು ಅಗಲದ ಬಾಗಿಲು ನೋಡಿ! ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತು ಅಂತ ಸುಮ್ನೆ ಚಿಂತೆ ಬೇಡ. ಆ ಮಕ್ಕಳಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ, ಅವರೂ ಚೆನ್ನಾಗಿದ್ದಾರೆ. ದಿನ ತುಂಬುವ ಮೊದಲು ಹುಟ್ಟಿದ ಕೂಸಾದರೆ ಎಷ್ಟು ಮೊದಲು ಹುಟ್ಟಿತೋ ಅಷ್ಟನ್ನು ಕಳೆದು ಲೆಕ್ಕ ಹಾಕಿ.

ಆದರೆ ಈ ಬಾಗಿಲು ದಾಟಿದರೆ ಕಾಯಬೇಡಿ. ಐದು ತಿಂಗಳಾದರೂ ಗೋಣು ನಿಲ್ಲದಿದ್ದರೆ, ಒಂಬತ್ತು ತಿಂಗಳು ಮುಗಿದರೂ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ತೋರಿಸಿ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡಿದ್ದರೂ ತೋರಿಸಿ. ಬಂದದ್ದು ಹೋದರೆ, ಅಂದರೆ ಕೂರುತ್ತಿದ್ದ ಕೂಸು ಕೂರದಾದರೆ, ಕೈ ಬಳಸುತ್ತಿದ್ದ ಮಗು ಬಿಟ್ಟರೆ, ಒಂದು ವಾರವೂ ತಡೆಯಬೇಡಿ. ಇವಕ್ಕೆಲ್ಲ ಆಟಿಸಂ ಒಂದೇ ಕಾರಣ ಅಲ್ಲ. ಥೈರಾಯ್ಡ್ ಇರಬಹುದು, ಡಿ ವಿಟಮಿನ್ ಕೊರತೆಯಿಂದ ಮೂಳೆ ಮೆತ್ತಗಾಗಿರಬಹುದು, ಮಿದುಳಿಗೆ ಪೆಟ್ಟಾಗಿರಬಹುದು. ತಾಯಿಗೆ ಬಿ12 ಬಹಳ ಕಡಿಮೆ ಇದ್ದರೆ ಬರೀ ಎದೆಹಾಲು ಕುಡಿಯುವ ಕೂಸು ಹಿಂದೆ ಬೀಳುತ್ತದೆ. ಅದಕ್ಕೆ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಹಾಗೆಯೇ ಆಟಿಸಂ ಇರುವ ಎಷ್ಟೋ ಮಕ್ಕಳು ಸರಿಯಾದ ಸಮಯಕ್ಕೇ ನಡೆಯುತ್ತಾರೆ, ಓಡುತ್ತಾರೆ. ಬೇಗ ನಡೆದ ಅಂತ ಉಳಿದದ್ದನ್ನು ಬಿಡಬೇಡಿ.

ತುದಿಗಾಲಲ್ಲಿ ನಡೆಯುವುದರ ಬಗ್ಗೆ ಕೇಳಿದಿರಿ. ನಡಿಗೆ ಕಲಿಯುವಾಗ ಎಷ್ಟೋ ಮಕ್ಕಳು ಹಾಗೆ ಮಾಡುತ್ತಾರೆ. ಎರಡು ವರ್ಷ ದಾಟಿದ ಮೇಲೂ ಯಾವಾಗಲೂ ಹಾಗೇ ನಡೆದರೆ ತೋರಿಸಿ. ಬಿಟ್ಟರೆ ಹಿಮ್ಮಡಿ ಮೇಲಿನ ಸ್ನಾಯು ಬಿಗಿಯಾಗಬಹುದು. ಇನ್ನು ಕೈ ಅಲ್ಲಾಡಿಸುವುದು, ರೆಕ್ಕೆ ಬಡಿದ ಹಾಗೆ. ಅದನ್ನು ನಿಲ್ಲಿಸಲು ಕೈ ಹಿಡಿಯುವುದು, ಹೊಡೆಯುವುದು ಬೇಡವೇ ಬೇಡ. ಖುಷಿ ಆದಾಗ, ಗದ್ದಲ ಜಾಸ್ತಿ ಆದಾಗ ಅದು ಆ ಮಗುವಿಗೆ ಸಮಾಧಾನ. ದೊಡ್ಡವರಾದ ಆಟಿಸಂ ಇರುವವರೇ ಇದನ್ನು ಹೇಳಿದ್ದಾರೆ. ಅವರ ಮಾತನ್ನು ನಾವು ಕೇಳಬೇಕು, ಅಲ್ವಾ?

ಮನೆಯಲ್ಲಿ ಏನು ಮಾಡಬೇಕು ಅಂತ ಎಲ್ಲರೂ ಕೇಳುತ್ತೀರಿ. ಬೇಡದ್ದನ್ನು ಮೊದಲು ಹೇಳುತ್ತೇನೆ. ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಹೋಗಿ ಗಾಲಿ ಇರುವ ವಾಕರ್ ತರಬೇಡಿ. ಅದರಲ್ಲಿ ಕೂತ ಕೂಸು ಬೆನ್ನಿನ ಕೆಲಸವನ್ನೂ ಮಾಡುವುದಿಲ್ಲ, ಸಮತೋಲನವನ್ನೂ ಕಲಿಯುವುದಿಲ್ಲ. ಹೊಸ್ತಿಲು, ಮೆಟ್ಟಿಲಲ್ಲಿ ಉರುಳಿ ತಲೆ ಒಡೆದುಕೊಂಡ ಮಕ್ಕಳಿದ್ದಾರೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ತೊಡೆ ಮೇಲೆ ಕೂರಿಸಿ ಮೊಬೈಲ್ ಹಿಡಿಸುವುದೂ ಬೇಡ, ಕೈ ಬೆನ್ನು ಎರಡೂ ಸುಮ್ಮನಾಗುತ್ತವೆ.

ಎರೆಯುವ ಪದ್ಧತಿ ಇಟ್ಟುಕೊಳ್ಳಿ. ಅಜ್ಜಿಯ ಕಾಲ ಮೇಲೆ ಬೋರಲು ಮಲಗಿದ ಕೂಸು ತಲೆ ಎತ್ತಲು ಒದ್ದಾಡುತ್ತದಲ್ಲ, ಡಾಕ್ಟರು ಹೇಳುವ ಬೋರಲು ಆಟ ಅದೇ. ಆದರೆ ಕೈಕಾಲು ಜಗ್ಗುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು, ಮೂಗು-ಕಿವಿಗೆ ಎಣ್ಣೆ ಬಿಡುವುದು ಬೇಡ. ಎಚ್ಚರ ಇದ್ದಾಗ ನೆಲಕ್ಕೆ ಕೌದಿ ಹಾಸಿ ಬೋರಲು ಬಿಡಿ, ಎದುರಿಗೆ ನೀವೂ ಮಲಗಿ ಮುಖ ತೋರಿಸಿ. ನಿದ್ದೆಗೆ ಮಾತ್ರ ಅಂಗಾತ.

ಕೌದಿ ಇನ್ನೂ ಒಂದು ಕೆಲಸಕ್ಕೆ ಬರುತ್ತದೆ. ಎರಡು ವರ್ಷ ದಾಟಿದ ಮಗುವನ್ನು ನಡುವೆ ಕೂರಿಸಿ, ಇಬ್ಬರು ತುದಿ ಹಿಡಿದು, ನೆಲದಿಂದ ಒಂದು ಗೇಣು ಎತ್ತಿ ಮೆಲ್ಲಗೆ ತೂಗಿ. ಐದು ಸಲ ತೂಗಿ ನಿಲ್ಲಿಸಿ, ಕಾಯಿರಿ. ಮಗು ನಿಮ್ಮ ಕಡೆ ನೋಡಿದರೆ, ಮೈ ಅಲುಗಿಸಿದರೆ, "ಊಂ" ಅಂದರೆ ಮತ್ತೆ ತೂಗಿ. ಆ ಕಾಯುವ ಗಳಿಗೆಯಲ್ಲೇ ಮಗು ಕೇಳುವುದನ್ನು ಕಲಿಯುತ್ತದೆ. ಪಂಚಮಿಯ ಜೋಕಾಲಿಯನ್ನು ಹಬ್ಬ ಮುಗಿದ ಮೇಲೂ ಬಿಚ್ಚಬೇಡಿ. ಮಗು ಹೆದರಿದರೆ ನಿಮ್ಮ ತೊಡೆ ಮೇಲೆ ಕೂರಿಸಿಕೊಂಡು ತೂಗಿ, ಒತ್ತಾಯ ಬೇಡ.

ಕೈಗೆ ನಮ್ಮ ಮನೆಗಳಲ್ಲಿ ಇರುವಷ್ಟು ಕೆಲಸ ಯಾವ ಥೆರಪಿ ಕೋಣೆಯಲ್ಲೂ ಇಲ್ಲ. ಜೋಳದ ಹಿಟ್ಟಿನ ಒಂದು ಉಂಡೆ ಮಗುವಿನ ಕೈಗೂ ಕೊಡಿ, ನಿಮ್ಮ ಪಕ್ಕದಲ್ಲೇ ತಟ್ಟಲಿ. ರೊಟ್ಟಿ ತಟ್ಟುವಾಗ ಭುಜ, ಮೊಣಕೈ, ಅಂಗೈ ಎಲ್ಲಾ ಒಂದು ಲಯದಲ್ಲಿ ಸೇರುತ್ತವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗಡಿಯಿಂದ ಎತ್ತು ತರುವ ಬದಲು ಎರೆಮಣ್ಣು ತನ್ನಿ. ನಮ್ಮ ಹಾವೇರಿ ಕಡೆಯ ಊರಲ್ಲಿ ನಾವು ಮಕ್ಕಳೇ ಮಣ್ಣು ತುಳಿದು, ನಾದಿ, ಕೋಡು ಚೂಪು ಮಾಡುತ್ತಿದ್ದೆವು. ಕೆಲವು ಮಕ್ಕಳಿಗೆ ಹಸಿ ಮಣ್ಣು ಕೈಗೆ ಹತ್ತಿದರೆ ಆಗುವುದಿಲ್ಲ, ಅಳುತ್ತಾರೆ. ಅವರಿಗೆ ಒಣ ಜೋಳದ ಡಬ್ಬಿಯಿಂದ ಶುರು ಮಾಡಿ, ಬಾಯಿಗೆ ಮೂಗಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಇರಿ.

ಎಲ್ಲಿಗೆ ಹೋಗಬೇಕು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ತಂಡ ಅಂಗನವಾಡಿಗೇ ಬರುತ್ತದೆ. ಆ ದಿನ ತಪ್ಪಿಸಬೇಡಿ, ಹೆಚ್ಚಿನ ಪರೀಕ್ಷೆಗೆ ಎಲ್ಲಿಗೆ ಹೋಗಬೇಕು ಅಂತ ಅವರಿಂದಲೇ ಬರೆಸಿಕೊಳ್ಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹುಬ್ಬಳ್ಳಿಯಲ್ಲಿ ನೀವೆಲ್ಲ ಕಿಮ್ಸ್ ಅಂತ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ಗದಗಿನಲ್ಲಿ ಜಿಮ್ಸ್ ಆಸ್ಪತ್ರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ, ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿಕೊಳ್ಳಿ. ತೊಂದರೆಯ ಹೆಸರು ಖಚಿತ ಆಗಲಿ ಅಂತ ಕಾಯುತ್ತಾ ವ್ಯಾಯಾಮ, ಆಟ ನಿಲ್ಲಿಸಬೇಡಿ. ಮೆತ್ತಗಿರುವ ಬೆನ್ನಿಗೆ ಬಲ ಕೊಡಲು ಯಾವ ಸರ್ಟಿಫಿಕೇಟೂ ಬೇಕಿಲ್ಲ.

ಕೊನೆಗೆ ಒಬ್ಬ ಅಂಗನವಾಡಿ ಅಕ್ಕ ಎದ್ದು ಕೇಳಿದರು. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಕೂಸು ಏನು ಮಾಡಬೇಕು ಅಂತ ಚಿತ್ರ ಇದೆ. ತೂಕ ಬರೆಯುತ್ತೇವೆ, ಲಸಿಕೆ ಬರೆಯುತ್ತೇವೆ, ಆ ಪುಟ ಹಾಗೇ ಉಳಿಯುತ್ತದೆ. ಯಾಕೆಂದರೆ ತಡವಾಗಿದೆ ಅಂದರೆ ತಾಯಿ ಅಳುತ್ತಾಳೆ, ಅತ್ತೆ ಜಗಳಕ್ಕೆ ಬರುತ್ತಾಳೆ. ಏನಂತ ಹೇಳಬೇಕು?

ಆಟಿಸಂ ಅನ್ನುವ ಮಾತೇ ಎತ್ತಬೇಡಿ, ಅದನ್ನು ಹೇಳುವುದು ನಮ್ಮಿಬ್ಬರ ಕೆಲಸ ಅಲ್ಲ ಅಂದೆ. ಒಂಬತ್ತನೇ ತಿಂಗಳ ಲಸಿಕೆಗೆ ಕೂಸು ಬಂದೇ ಬರುತ್ತದೆ. ಆವತ್ತು ಚಾಪೆ ಹಾಸಿ ಕೂರಿಸಿ, ಹೆಸರು ಹಿಡಿದು ಕರೆಯಿರಿ, ಕೈ ಚಾಚಿ ಎತ್ತಿಕೊಳ್ಳಿ. ಕಂಡದ್ದನ್ನು ತಾರೀಖು ಹಾಕಿ ಆ ಪುಟದಲ್ಲಿ ಬರೆಯಿರಿ. ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೀಗೆ ಹೇಳಿ: "ಕೂಸಿನ ಬೆನ್ನಿಗೆ ಇನ್ನ ಸ್ವಲ್ಪ ಬಲ ಬರಬೇಕ್ರಿ ಅತ್ತಿ. ಎರಿಯೂ ಮುಂದ ನಿಮಗೂ ಹಂಗ ಅನಿಸಿತ್ತೇನು? ಮಂಗಳವಾರ ದವಾಖಾನಿಗೆ ತೋರಿಸಿಕೊಂಡ ಬರೂಣ, ನಾನೂ ಬರ್ತೀನಿ."